ಒಂದು ಹಿಡಿ ಕಡಲೆ

ಈಗೀಗ ರಸ್ತೆಯ ಮೇಲೆ ಕುದುರೆಯ ಲದ್ದಿ ಬಿದ್ದಿದ್ದು ಕಂಡರೆ ನಾನು ನಿಂತು ನೋಡುತ್ತೇನೆ. ಮೂಗು ಮುಚ್ಚಿಕೊಂಡು ದಾಟುವ ಜನ ನನ್ನನ್ನೂ ಲದ್ದಿಯನ್ನೂ ಒಟ್ಟಿಗೇ ನೋಡಿ, ಪಾಪ, ಮುದುಕನಿಗೆ ಏನೋ ಆಗಿದೆ ಅಂದುಕೊಂಡು ಮುಂದೆ ಹೋಗುತ್ತಾರೆ. ಅವರ ತಪ್ಪಲ್ಲ ಬಿಡಿ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಯಲ್ಲಿ ಕೊತ್ತಂಬರಿ ಕಟ್ಟು ಹಿಡಿದ ಅರವತ್ತೆಂಟರ ಮನುಷ್ಯ ನಡುರಸ್ತೆಯಲ್ಲಿ ಬಗ್ಗಿ ಲದ್ದಿ ಪರೀಕ್ಷೆ ಮಾಡುತ್ತಿದ್ದರೆ ನೀವಾದರೂ ಏನು ತಿಳಿಯುತ್ತಿದ್ದಿರಿ? ಆದರೆ ನನಗೆ ಅದರಿಂದ ಒಂದು ನಮೂನಿ ಸಮಾಧಾನ. ಉಂಡೆ ಉಂಡೆಯಾಗಿದ್ದು, ನೆಲಕ್ಕೆ ಬಿದ್ದ ಕೂಡಲೇ ಅರ್ಧಕ್ಕೆ ಒಡೆದಿದ್ದು, ತೀರಾ ಒಣಗಿರದೆ ತೀರಾ ತೆಳ್ಳಗೂ ಇರದಿದ್ದರೆ ಆ ಕುದುರೆ ಕ್ಷೇಮವಾಗಿದೆ ಎಂದು ಅರ್ಥ. ಅದನ್ನು ಸಾಕಿದವರ ಮನೆಯಲ್ಲಿ ಇವತ್ತು ಯಾರೂ ಅಳುತ್ತಿಲ್ಲ. ಅಷ್ಟು ಖಾತ್ರಿ ಮಾಡಿಕೊಂಡು ಮನೆಗೆ ಬರುತ್ತೇನೆ.

ಹೊಟ್ಟೆಯ ವಿಷಯದಲ್ಲಿ ನಾನು ಹೊಸಬನೇನಲ್ಲ. ದೌಂಡ ಜಂಕ್ಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿ, ದಿನಾ ಪುಣೆಯಿಂದ ರೈಲಿನಲ್ಲಿ ಹೋಗಿ ಬಂದು, ಪ್ಲಾಟ್‌ಫಾರ್ಮಿನ ವಡಾಪಾವ್ ತಿಂದು ತಿಂದು ಹೊಟ್ಟೆಯನ್ನು ಸರಿಯಾಗಿ ಹಾಳುಮಾಡಿಕೊಂಡವನು. ರಿಟಾಯರ್ ಆದ ಮೇಲೆ ಬೆಳಗ್ಗೆ ಬಾಗಿನಲ್ಲಿ, ಅಂದರೆ ಪಾರ್ಕಿನಲ್ಲಿ, ಸೇರುವ ನಮ್ಮದೊಂದು ಗುಂಪಿದೆ. ವಿಜಯಪುರ, ಬಾಗಲಕೋಟೆ ಕಡೆಯ ನಾಲ್ಕು ಜನ, ಹೋಟೆಲನ್ನು ಮಕ್ಕಳ ಕೈಗೆ ಒಪ್ಪಿಸಿದ ಉಡುಪಿ ಕಡೆಯ ಇಬ್ಬರು. ರಾಜಕೀಯ ಐದು ನಿಮಿಷವಾದರೆ ಹೊಟ್ಟೆ ಐವತ್ತು ನಿಮಿಷ. "ಇವತ್ತ ಹೆಂಗಾತ್ರಿ?" ಎಂದು ಒಬ್ಬರು ಕೇಳಿದರೆ ಯಾವುದು ಎಂದು ಇನ್ನೊಬ್ಬರು ತಿರುಗಿ ಕೇಳುವುದಿಲ್ಲ. ಯಾರಿಗೆ ಬದನೆಕಾಯಿ ಆಗುವುದಿಲ್ಲ, ಯಾರಿಗೆ ಹಾಲು ಆಗುವುದಿಲ್ಲ ಎಂಬುದು ಅಲ್ಲಿ ಎಲ್ಲರಿಗೂ ಬಾಯಿಪಾಠ. ನನಗೆ ಕಡಲೆ ಆಗುವುದಿಲ್ಲ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರೂ ಸಂಜೆತನಕ ಹೊಟ್ಟೆ ನಗಾರಿಯಾಗುತ್ತದೆ.

ಆದರೂ ನೋಡ್ರಿ, ಮನುಷ್ಯನಿಗೆ ಒಂದು ಸವಲತ್ತಿದೆ. ತಿಂದದ್ದು ತಡೆಯದಿದ್ದರೆ ಬಚ್ಚಲಿಗೆ ಹೋಗಿ ಗಂಟಲಿಗೆ ಎರಡು ಬೆರಳು ಹಾಕಿ ಕಕ್ಕಿಬಿಡಬಹುದು. ಕುದುರೆಗೆ ಆ ಸವಲತ್ತಿಲ್ಲ. ಅಷ್ಟು ದೊಡ್ಡ ಪ್ರಾಣಿ, ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ. ಗಂಟಲಿನ ನಾಳ ಹೋಗಿ ಹೊಟ್ಟೆಗೆ ಸೇರುವ ಜಾಗದಲ್ಲಿ ಎಷ್ಟು ಬಿಗಿಯಾದ ಬಾಗಿಲಿದೆಯೆಂದರೆ ಒಳಗೆ ಬಿಟ್ಟದ್ದನ್ನು ಮತ್ತೆ ಬಾಯಿಯ ಕಡೆ ಬಿಡುವುದಿಲ್ಲ. ಮೈಗೆ ಹೋಲಿಸಿದರೆ ಹೊಟ್ಟೆಯೂ ಸಣ್ಣದು. ದಿನವಿಡೀ ಸ್ವಲ್ಪ ಸ್ವಲ್ಪ ಹುಲ್ಲು ಮೇಯಲಿ ಎಂದು ಮಾಡಿಟ್ಟ ಹೊಟ್ಟೆ ಅದು, ಹಬ್ಬದೂಟ ಹೊಡೆಯಲಿ ಎಂದಲ್ಲ. ಇದನ್ನೆಲ್ಲ ನಾನು ಕಲಿತದ್ದು ಅರವತ್ತೇಳನೆಯ ವಯಸ್ಸಿನಲ್ಲಿ. ಕಲಿಸಿದವಳು ಮೈನಾ. ಆಕೆ ಈಗ ಇಲ್ಲ. ಇಲ್ಲವಾಗುವುದಕ್ಕೆ ನಾನೇ ಕಾರಣ.

ಮೈನಾ ನಮ್ಮ ಗಲ್ಲಿಯ ಬಿಳಿ ಕುದುರೆ. ನಾವಿರುವುದು ರಾಸ್ತಾ ಪೇಠೆಯ ಹಳೆಯ ವಾಡೆಯೊಂದರ ಎರಡು ಕೋಣೆಗಳಲ್ಲಿ. ಗಲ್ಲಿಯ ಕೊನೆಗೆ, ಹಿಂದೆ ಟಾಂಗಾ ನಿಲ್ಲಿಸುತ್ತಿದ್ದ ತಗಡಿನ ಶೆಡ್ಡಿದೆ. ಸುತ್ತಲೂ ಏಳಂತಸ್ತಿನ ಕಟ್ಟಡಗಳು ಎದ್ದರೂ ಯಾವುದೋ ಕೋರ್ಟು ತಕರಾರಿನ ಪುಣ್ಯದಿಂದ ಅದೊಂದು ಉಳಿದಿದೆ. ಅಲ್ಲಿ ಮೈನಾ ಮತ್ತು ಆಕೆಯನ್ನು ಸಾಕಿದ ದಸ್ತಗೀರಸಾಬರು. ಅವರು ಅಕ್ಕಲಕೋಟೆ ಕಡೆಯವರು. ಹೆಂಡತಿ ತೀರಿಕೊಂಡು ಬಹಳ ವರ್ಷ ಆಯಿತು. ಹೊರಗೆ ಮರಾಠಿ, ಮನೆಮಂದಿಯ ಜೊತೆ ಹಿಂದಿ, ನನ್ನ ಕೂಡ ಮತ್ತು ಕುದುರೆಯ ಕೂಡ ಕನ್ನಡ. ಹರೆಯದಲ್ಲಿ ಪುಣೆ ಸ್ಟೇಷನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದರಂತೆ. ರಿಕ್ಷಾಗಳು ಬಂದು ಟಾಂಗಾ ಹೋದ ಮೇಲೆ ಮದುವೆಯ ಮೆರವಣಿಗೆಗೆ ಒಂದೇ ಒಂದು ಬಿಳಿ ಕುದುರೆ ಇಟ್ಟುಕೊಂಡರು. "ಟಾಂಗಾದಾಗ ಕುದರಿ ಓಡ್ತಿತ್ತು ಸಾಹೇಬ್ರ, ಈಗ ನಿಂತಲ್ಲೇ ಕುಣೀತದ. ಅಷ್ಟ ಫರಕ್ಕು," ಎಂದು ನಗುತ್ತಿದ್ದರು. ಡಿಜೆಯ ಗದ್ದಲಕ್ಕೆ ಆಕೆ ಬೆಚ್ಚಬಾರದೆಂದು ಕಿವಿಯಲ್ಲಿ ಅರಳೆ ತುರುಕಿ ಕರೆದುಕೊಂಡು ಹೋಗುತ್ತಿದ್ದರು. ಅವಳ ಎರಡು ಕಿವಿಗೆ ಇಟ್ಟು ಉಳಿದದ್ದನ್ನು ತಮ್ಮ ಕಿವಿಗೆ ಇಟ್ಟುಕೊಳ್ಳುತ್ತಿದ್ದರು.

ಸಂಜೆ ನಾಲ್ಕಕ್ಕೆ ಚಹಾ ಕುಡಿದು ನಾನು ಆ ಶೆಡ್ಡಿಗೆ ಹೋಗಿ ಕಲ್ಲಿನ ಮೇಲೆ ಕೂರುತ್ತಿದ್ದೆ. ದಸ್ತಗೀರಸಾಬರು ಕೆಲಸ ಮಾಡುತ್ತ ಪಾಠ ಹೇಳುತ್ತಿದ್ದರು. ಒಂದೊಂದೇ ಕಾಲು ಎತ್ತಿ ಮಡಿಲಲ್ಲಿಟ್ಟುಕೊಂಡು ಗೊರಸಿನೊಳಗೆ ಸಿಕ್ಕ ಕಲ್ಲು, ಮಣ್ಣು ಕೆದರಿ ತೆಗೆಯಬೇಕು, ಇಲ್ಲದಿದ್ದರೆ ಒದ್ದೆಗೆ ಅಲ್ಲೇ ಕೊಳೆತು ನಾರುತ್ತದೆ. ಕುದುರೆಯ ಹಲ್ಲು ಬೆಳೆಯುತ್ತಲೇ ಇರುತ್ತದೆ, ಒಂದು ಕಡೆ ಚೂಪಾಗಿ ಕೆನ್ನೆಗೆ ಚುಚ್ಚಿದರೆ ಬಾಯಿಂದ ಮೇವು ಉದುರಿಸಲು ಶುರುಮಾಡುತ್ತದೆ, ಆಗ ಅರದಿಂದ ತಿಕ್ಕಿಸಬೇಕು. ನೆಕ್ಕಲು ಕಲ್ಲುಪ್ಪು ಸದಾ ಇರಬೇಕು. ವಸಡು ಒತ್ತಿ ಬಿಟ್ಟರೆ ತಟ್ಟನೆ ಮತ್ತೆ ಕೆಂಪಾಗಬೇಕು. ಮತ್ತೆ ಹೊಟ್ಟೆಗೆ ಕಿವಿ ಹಚ್ಚಿದರೆ ಒಳಗೆ ಸದ್ದಿರಬೇಕು. "ಕುದರಿ ಹೊಟ್ಟಿ ಗುಡುಗುಡು ಅಂತಿದ್ರ ಚಿಂತಿಲ್ರಿ. ಗಪ್ ಆತಂದ್ರ ಅಂಜಬೇಕು."

ನಾನು ಹೂಂ ಹೂಂ ಎನ್ನುತ್ತಿದ್ದೆ. ಒಂದು ಕಿವಿಯಿಂದ ಕೇಳುತ್ತಿದ್ದೆ ಅಷ್ಟೇ. ಯಾಕೆಂದರೆ ನಾನು ಇಂಡಿ ತಾಲೂಕಿನ ಒಕ್ಕಲುತನದ ಮನೆಯವನು. ಎತ್ತಿನ ಕೊರಳಗಂಟೆಯ ಸದ್ದಿಗೆ ಎದ್ದು, ಎತ್ತಿನ ಜೊತೆಯೇ ಬೆಳೆದವನು. ಈ ಟಾಂಗಾ ಹೊಡೆಯುವ ಮನುಷ್ಯ ನನಗೆ ದನಕರುಗಳ ವಿಷಯ ಹೇಳಿಕೊಡುವುದೇ? ಎಂಥ ಸೊಕ್ಕು ಅಂತೀರಿ! ಊರು ಬಿಟ್ಟು ನಾಲ್ವತ್ತು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ನಾನು ಮುಟ್ಟಿದ ಪ್ರಾಣಿಯೆಂದರೆ ಪಾರ್ಸೆಲ್ ಡಬ್ಬಿಯಲ್ಲಿ ಬರುತ್ತಿದ್ದ ಕೋಳಿಮರಿಗಳು, ಅವೂ ಬುಟ್ಟಿಯೊಳಗಿಂದಲೇ.

ಈಗ ಕಾರಹುಣ್ಣಿಮೆಯ ವಿಷಯಕ್ಕೆ ಬರುತ್ತೇನೆ. ಮುಂಗಾರಿನ ಹೊತ್ತಿಗೆ ಬರುವ ಎತ್ತುಗಳ ಹಬ್ಬ ಅದು. ನಮ್ಮ ಮನೆಯಲ್ಲಿ ಅವತ್ತು ಎತ್ತುಗಳಿಗೆ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಹೊಟ್ಟೆತುಂಬ ಹೋಳಿಗೆ, ನೆನೆಸಿದ ಕಾಳು, ಬೆಲ್ಲ ತಿನ್ನಿಸುತ್ತಿದ್ದರು. ಅವುಗಳ ಊಟವಾದ ಮೇಲೇ ಮನೆಮಂದಿಯ ಊಟ. ಮರಾಠಿಯವರಿಗೆ ಇದೇ ಹಬ್ಬ ಪೋಳಾ ಎಂದು ಶ್ರಾವಣದ ಅಮಾವಾಸ್ಯೆಗೆ ಬರುತ್ತದೆ. ಹೀಗಾಗಿ ನಮ್ಮ ಕಾರಹುಣ್ಣಿಮೆಯ ದಿನ ಪುಣೆ ತನ್ನ ಪಾಡಿಗೆ ತಾನು ಹಾರ್ನ್ ಹೊಡೆಯುತ್ತ ಓಡಾಡುತ್ತಿರುತ್ತದೆ. ನಾಲ್ವತ್ತು ವರ್ಷ ನನ್ನ ಹೆಂಡತಿ ಸುಲೋಚನಾ ಅವತ್ತು ಹೋಳಿಗೆ ಮಾಡಿದಳು. ನಾನು ಗೋಡೆಯ ಕ್ಯಾಲೆಂಡರಿನಲ್ಲಿದ್ದ ನಂದಿ ಬಸವಣ್ಣನ ಚಿತ್ರಕ್ಕೆ ಅದನ್ನು ತೋರಿಸಿದೆ, ನಾನೇ ತಿಂದೆ, ಸಂಜೆ ಹೊಟ್ಟೆ ಹಿಡಿದುಕೊಂಡು ಮಲಗಿದೆ. ಬೇಜಾರು ಬರುವುದಿಲ್ಲವೇ ಮನುಷ್ಯನಿಗೆ? ನಿಜವಾದ ಬಾಯಿಯೊಂದು ನನ್ನ ಕೈಯಿಂದ ಕಿತ್ತುಕೊಂಡು ತಿನ್ನಲಿ ಎಂಬ ಆಸೆ ಒಳಗೇ ಉಳಿದಿತ್ತು.

ಹೋದ ವರ್ಷ ಕಾರಹುಣ್ಣಿಮೆಯ ಹಿಂದಿನ ದಿನ ದಸ್ತಗೀರಸಾಬರು ಮನೆ ಬಾಗಿಲಿಗೆ ಬಂದರು. ಇಂದಾಪುರದಲ್ಲಿರುವ ಮಗಳಿಗೆ ಗಂಡುಮಗು ಹುಟ್ಟಿತ್ತು. ಬೆಳಗಿನ ಎಸ್ಟಿ ಬಸ್ಸು ಹಿಡಿದು ಹೋಗಿ, ಸಂಜೆ ತಿರುಗಿ ಬರುತ್ತೇನೆ, ಒಂದು ದಿನ ಮೈನಾಳನ್ನು ನೋಡಿಕೊಳ್ಳಿ ಎಂದರು.

"ಹುಲ್ಲ ಹಾಕ್ರಿ, ನೀರ ಇಡ್ರಿ. ಮಧ್ಯಾಹ್ನ ಒಂದ ಹಿಡಿ ನೆನಸಿದ ಕಡ್ಲಿ. ಒಂದ ಹಿಡಿ ಅಂದ್ರ ಒಂದ ಹಿಡಿ, ಸಾಹೇಬ್ರ. ಎಂಟ ದಿನ ಮದವಿ ವರಾತ ಇಲ್ಲ, ಕೆಲಸಿಲ್ಲದ ಹೊಟ್ಟಿಗೆ ಕಾಳ ಭಾಳ ಬ್ಯಾಡ."

"ನನಗ ಹೇಳ್ತೀರೇನ್ರಿ?" ಎಂದೆ ನಾನು, ನಕ್ಕು.

ಅವರು ಹೋದ ಕೂಡಲೇ ಜೋಳ ಮತ್ತು ಕಡಲೆ ತಂದು ಸ್ನಾನದ ಬಕೆಟಿನಲ್ಲಿ ನೆನೆಹಾಕಿದೆ. ಎತ್ತಿಗೆ ಎಷ್ಟು ಹಾಕುತ್ತಿದ್ದೆವೋ ಅಷ್ಟೇ. ಇಪ್ಪತ್ತೊಂದು ಹೋಳಿಗೆ ಬೇಕು ಎಂದು ಹೆಂಡತಿಗೆ ಹೇಳಿದೆ.

"ಅದು ಎತ್ತಲ್ರಿ, ಕುದರಿ," ಎಂದಳು ಆಕೆ.

"ಎರಡಕ್ಕೂ ನಾಕ ಕಾಲ ಅದಾವಿಲ್ಲೋ?" ಎಂದೆ. ಭಾಳ ಚಂದ ಉತ್ತರ ಕೊಟ್ಟೆ ಎಂದು ಮೀಸೆ ಕೂಡ ತಿರುವಿಕೊಂಡೆ. ಎರಡಕ್ಕೂ ನಾಲ್ಕು ಕಾಲಿರುವುದು ನಿಜ. ಆದರೆ ಎತ್ತಿಗೆ ನಾಲ್ಕು ಕೋಣೆಯ ಹೊಟ್ಟೆ. ಹಬ್ಬದ ದಿನ ತಿಂದದ್ದನ್ನು ಅದು ನೆರಳಲ್ಲಿ ಮಲಗಿ, ಮತ್ತೆ ಬಾಯಿಗೆ ತಂದು, ಕಣ್ಣು ಮುಚ್ಚಿ ಸಾವಕಾಶ ಮೆಲುಕು ಹಾಕುತ್ತದೆ. ಕುದುರೆಗೆ ಮೆಲುಕಿಲ್ಲ. ಹಾಗಿದ್ದರೂ ಹೆಚ್ಚಾದರೆ ಎತ್ತಿಗೂ ಹೊಟ್ಟೆ ಉಬ್ಬರಿಸುತ್ತಿತ್ತು. ನಮ್ಮಪ್ಪ ಬಿದಿರಿನ ಗೊಟ್ಟದಿಂದ ಅವುಗಳ ಗಂಟಲಿಗೆ ಎಣ್ಣೆ ಹೊಯ್ಯುತ್ತಿದ್ದದ್ದು ನನಗೆ ನೆನಪಿತ್ತು. ಯಾಕೆ ಹೊಯ್ಯುತ್ತಿದ್ದ ಎಂಬುದು ಮರೆತುಹೋಗಿತ್ತು.

ಬೆಳಗ್ಗೆ ಒಂಬತ್ತಕ್ಕೆ ಮೈನಾಳ ಹಣೆಗೆ ಕುಂಕುಮ ಹಚ್ಚಿ, ಮೇವು ಹಾಕುವ ಗೋದಲಿಗೆ ಬಕೆಟು ಬಗ್ಗಿಸಿದೆ. ಸ್ಟೀಲಿನ ಡಬ್ಬಿ ತೆಗೆದು ಒಂದೊಂದೇ ಹೋಳಿಗೆ ಕೊಟ್ಟೆ. ಆಕೆಯ ತುಟಿ ಎಷ್ಟು ಮೆತ್ತಗಿತ್ತೆಂದರೆ ನನ್ನ ಅಂಗೈಗೆ ಕಚಗುಳಿಯಾಯಿತು. ತುಟಿಯಿಂದಲೇ ಹುಡುಕಿ, ಎತ್ತಿ, ಹಲ್ಲನ್ನು ಅಡ್ಡಡ್ಡ ಆಡಿಸಿ ಅಗಿದು, ಇನ್ನೊಂದು ಎಲ್ಲಿ ಎನ್ನುವಂತೆ ಕಿವಿ ಮುಂದೆ ಚಾಚುತ್ತಿದ್ದಳು. ನಾಲ್ವತ್ತು ವರ್ಷದ ಮೇಲೆ ನನ್ನ ಹಬ್ಬ ಹಬ್ಬವಾಯಿತು. ಸುಳ್ಳು ಹೇಳುವುದಿಲ್ಲ, ನನ್ನ ಕಣ್ಣಲ್ಲಿ ನೀರು ಬಂದಿತ್ತು. ಬಾಕಿ ಹೋಳಿಗೆಯನ್ನು ಡಬ್ಬಿ ಸಮೇತ ಗೋದಲಿಯಲ್ಲಿಟ್ಟು ಮನೆಗೆ ಬಂದು ಹೊಟ್ಟೆತುಂಬ ಉಂಡು ಮಲಗಿದೆ.

ಮೂರು ಗಂಟೆಗೆ ಹೋಗಿ ನೋಡಿದರೆ ಮೈನಾ ತಿರುಗಿ ತಿರುಗಿ ತನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು. ಒಳಗೆ ಯಾರು ಬಂದು ಕೂತಿದ್ದಾರೆ ಎಂದು ಕೇಳುವಂತೆ. ಮುಂಗಾಲಿನಿಂದ ನೆಲ ಕೆರೆದಳು. ಕತ್ತಿನ ಮೇಲೆ ಬೆವರು. ಮಲಗಿದಳು, ಎದ್ದಳು, ಮತ್ತೆ ಮಲಗಿ ಹೊರಳಿದಳು. ಬೆಳಗಿನಿಂದ ಹಾಕಿದ ಲದ್ದಿ ಒಂದೂ ಇರಲಿಲ್ಲ. ಹೊಟ್ಟೆಗೆ ಕಿವಿ ಹಚ್ಚಿದೆ. ಗಪ್.

ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿದ್ದ ನಂಬರಿಗೆ ಫೋನು ಹಚ್ಚಿದೆ. ದಸ್ತಗೀರಸಾಬರಿಗೆ ಪರಿಚಯದ ಡಾಕ್ಟರ್‌ಬಾಯಿ, ಮರಾಠಿಯ ಹೆಣ್ಣುಮಗಳು. ಒಂದು ಗೊಟ್ಟ ಎಣ್ಣೆ ಹೊಯ್ಯಲೇ ಎಂದು ಕೇಳಿದೆ. "ಕಾಕಾ, ಬಾಯಿಗೆ ಒಂದು ಹನಿ ಕೂಡ ಹಾಕಬೇಡಿ, ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಮುಗಿಯುತ್ತದೆ. ಮೇವು ತೆಗೆದುಬಿಡಿ. ಹೊರಳಲು ಬಿಡದೆ ಮೆಲ್ಲಗೆ ನಡೆಸುತ್ತಿರಿ, ಬಂದೆ," ಎಂದಳು. ಎರಡು ತಾಸು ನಾನು ಆ ಗಲ್ಲಿಯಲ್ಲಿ ಮೈನಾಳ ಹಗ್ಗ ಹಿಡಿದು ಈ ತುದಿಯಿಂದ ಆ ತುದಿಗೆ ನಡೆದೆ. ಮೇಲಿನ ಗ್ಯಾಲರಿಗಳಿಂದ ಜನ ಇಣುಕಿ ಯಾರ ಮದುವೆ ಎಂದು ಕೇಳಿದರು.

ಡಾಕ್ಟರ್‌ಬಾಯಿ ಬಂದು ಮೂಗಿನಿಂದ ಉದ್ದನೆಯ ನಳಿಗೆ ಇಳಿಸಿದಳು. ಕುದುರೆಗೆ ಮದ್ದು ಕೊಡುವ ದಾರಿ ಬಾಯಲ್ಲ, ಮೂಗು. ನೋವಿಗೆ ಇಂಜೆಕ್ಷನ್ನು, ನಳಿಗೆಯಲ್ಲಿ ಎಣ್ಣೆ. ಕೈ ಒರೆಸಿಕೊಳ್ಳುತ್ತ ಕೇಳಿದಳು, "ಏನು ತಿಂದಿತ್ತು ಕಾಕಾ? ಎಷ್ಟು?"

ಆ ಒಂದು ನಿಮಿಷವನ್ನು ನಾನು ನೂರು ಸಲ ತಿರುವಿ ನೋಡಿದ್ದೇನೆ. ಎದುರಿಗೆ ವಾಡೆಯ ನಾಲ್ಕು ಜನ ನಿಂತಿದ್ದರು. ರಿಟಾಯರ್ಡ್ ರೇಲ್ವೆ ಮನುಷ್ಯ, ಒಕ್ಕಲುತನದ ಮನೆಯ ಮಗ, ದಿನಾ ಎಲ್ಲರಿಗೂ ಬುದ್ಧಿ ಹೇಳುವವನು. ನಾಲಿಗೆ ತಾನೇ ಹೊರಳಿತು.

"ಒಂದು ಹಿಡಿ ಕಡಲೆ," ಎಂದೆ.

"ಒಂದು ಹಿಡಿಗೆ ಇಷ್ಟು ನೋವೇ?" ಎಂದು ಆಕೆ ಹುಬ್ಬು ಗಂಟಿಕ್ಕಿದಳು. ನಾನು ಮೈನಾಳ ಕತ್ತಿನ ಬೆವರು ಒರೆಸತೊಡಗಿದೆ. ಮಾಮೂಲಿ ವಾಯುವಿನ ನೋವಿರಬೇಕು ಎಂದುಕೊಂಡು ಅದಕ್ಕೆ ತಕ್ಕ ಮದ್ದು ಬರೆದು ಹೋದಳು. ಖಾಲಿ ಬಕೆಟನ್ನು ನಾನು ಆಗಲೇ ಮನೆಗೆ ಒಯ್ದು ತೊಳೆದು ಬಚ್ಚಲಲ್ಲಿ ಇಟ್ಟಿದ್ದೆ.

ಸಂಜೆ ಏಳಕ್ಕೆ ದಸ್ತಗೀರಸಾಬರು ಇಂದಾಪುರದಿಂದ ಪೇಢೆಯ ಪೊಟ್ಟಣ ಹಿಡಿದು ಬಂದರು. ಪೊಟ್ಟಣ ನನ್ನ ಕೈಗೆ ಕೊಟ್ಟು, ಏನೂ ಕೇಳದೆ ಮೈನಾಳ ಹೊಟ್ಟೆಗೆ ಕಿವಿ ಹಚ್ಚಿ ನಿಂತರು. ಬಹಳ ಹೊತ್ತು ನಿಂತರು.

"ಗುಡುಗುಡು ಅಂತದ. ಉಳಕೊಂಡಳು," ಎಂದರು. ಆಮೇಲೆ, "ಏನ ಹಾಕಿದ್ರಿ ಸಾಹೇಬ್ರ?"

"ನೀವ ಹೇಳಿದಷ್ಟರೀ. ಒಂದ ಹಿಡಿ."

"ಹೌದ್ರಿ?" ಎಂದರು. ಅಷ್ಟೇ. ಅವರು ಕೊಟ್ಟ ಪೇಢೆ ನನ್ನ ಕೈಯಲ್ಲಿ ಬೆವರಿಗೆ ಮೆತ್ತಗಾಗಿತ್ತು.

ಆ ರಾತ್ರಿ ಮಲಗುವಾಗ ಡಬ್ಬಿ ನೆನಪಾಯಿತು. ಗೋದಲಿಯಲ್ಲೇ ಬಿಟ್ಟುಬಂದಿದ್ದೆ. ಬೆಳಗ್ಗೆ ಹೋಗಿ ಕಳ್ಳನ ಹಾಗೆ ಹುಡುಕಿದರೆ ಅಲ್ಲಿರಲಿಲ್ಲ. ಮರುದಿನ ನೋಡುತ್ತೇನೆ, ನಮ್ಮ ಅಡುಗೆಮನೆಯ ಹಲಗೆಯ ಮೇಲೆ ಫಳಫಳ ಹೊಳೆಯುತ್ತ ಕೂತಿದೆ. ಹೆಂಡತಿಯೇ ಹೋಗಿ ತಂದಿರಬೇಕು ಎಂದು ಉಸ್ಸಪ್ಪಾ ಎಂದೆ. ಅವತ್ತು ಆಕೆ ಬೆಲ್ಲದ ಚಹಾ ಮಾಡಿಕೊಟ್ಟಳು. "ಬೆಲ್ಲ ಭಾಳ ಛಲೋ ಅದ, ಎಲ್ಲಿಂದ ತಂದಿ?" ಎಂದು ಕೇಳಿದೆ. ಆಕೆ ಒಲೆಯ ಕಡೆ ತಿರುಗಿದಳು. ನಾನು ಕಪ್ಪು ಖಾಲಿ ಮಾಡಿ ಇಟ್ಟೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇವತ್ತು ರಸ್ತೆಯಲ್ಲಿ ಲದ್ದಿ ನೋಡುತ್ತ ನಿಲ್ಲುತ್ತಿರಲಿಲ್ಲ. ಮೂರನೆಯ ದಿನ ಮೈನಾ ಹೆಜ್ಜೆ ಎತ್ತಲಿಲ್ಲ. ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ, ಬಿಸಿ ಹೆಂಚಿನ ಮೇಲೆ ನಿಲ್ಲಿಸಿದವರ ಹಾಗೆ ನಿಂತಿದ್ದಳು. ಗೊರಸು ಮುಟ್ಟಿದರೆ ಕೈ ಸುಡುತ್ತಿತ್ತು. ಗೊರಸು ಎಂದರೆ ಒಂದು ದೊಡ್ಡ ಉಗುರು. ಒಳಗಿನ ಎಲುಬನ್ನು ಆ ಉಗುರಿಗೆ ಹಿಡಿದು ನಿಲ್ಲಿಸುವ ತೆಳ್ಳನೆಯ ಪದರುಗಳಿರುತ್ತವೆ. ಕಾಳು, ಬೆಲ್ಲ ಅತಿಯಾದರೆ ಕರುಳಿನಲ್ಲಿ ಹುಳಿಯುತ್ತದೆ, ಅದರ ನಂಜು ರಕ್ತಕ್ಕೆ ಸೇರಿ ಕಾಲಿಗೆ ಇಳಿಯುತ್ತದೆ, ಆ ಪದರುಗಳು ಬಾತು ಬಿಡಿಸಿಕೊಳ್ಳುತ್ತವೆ. ಹೊಟ್ಟೆಯಲ್ಲಿ ಮಾಡಿದ ತಪ್ಪಿಗೆ ಕಾಲು ಶಿಕ್ಷೆ ಅನುಭವಿಸುವ ಪ್ರಾಣಿ ಇದು. ಇಡೀ ಮೈಯ ಭಾರ ಆ ನಾಲ್ಕು ಉಗುರುಗಳ ಮೇಲೆ. ಆಕೆಗೆ ಕೂತು ವಿಶ್ರಾಂತಿ ತಗೊಳ್ಳಲು ಕುರ್ಚಿಯಿಲ್ಲ.

ಡಾಕ್ಟರ್‌ಬಾಯಿ ನೋಡಿ, ಒಂದು ಹಿಡಿ ಕಡಲೆಗೆ ಹೀಗಾಗುವುದು ಸಾಧ್ಯವೇ ಇಲ್ಲ ಎಂದಳು. ದಸ್ತಗೀರಸಾಬರು ಮೈನಾಳ ಕಾಲಿಗೆ ತಣ್ಣೀರು ಹೊಯ್ಯುತ್ತಿದ್ದರು, ತಲೆ ಎತ್ತಲಿಲ್ಲ. ನಾನು ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಆಕೆಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಬಕೆಟು, ಹೋಳಿಗೆ, ಅದರೊಳಗಿನ ಬೆಲ್ಲ, ಎಲ್ಲ.

"ಅವತ್ತೇ ಹೇಳಿದ್ದರೆ ಕಾಕಾ, ಅವತ್ತಿನಿಂದಲೇ ಐಸಿನಲ್ಲಿ ಕಾಲು ಇಡಿಸುತ್ತಿದ್ದೆ. ಇಷ್ಟು ಆಗುತ್ತಿರಲಿಲ್ಲವೇನೋ," ಎಂದಳು. "ದಸ್ತಗೀರ ಚಾಚಾಗೆ ನಾನು ಹೇಳುವುದಿಲ್ಲ. ನೀವೇ ಹೇಳಿ."

ಹೇಳುತ್ತೇನೆ ಎಂದೆ. ಹೇಳಲಿಲ್ಲ.

ಬದಲಿಗೆ ಸೇವೆ ಮಾಡಿದೆ. ನಮ್ಮಂಥವರ ಪದ್ಧತಿಯೇ ಹಾಗೆ, ಒಂದು ಮಾತಿನಲ್ಲಿ ಮುಗಿಯುವುದಕ್ಕೆ ಆರು ತಿಂಗಳು ಮೈಮುರಿದು ದುಡಿಯುತ್ತೇವೆ. ಬೆಳಗ್ಗೆ ಬಾಗಿಗೆ ಹೋಗುವುದು ಬಿಟ್ಟೆ. ಮೀನಿನ ಮಾರ್ಕೆಟಿನಿಂದ ಬರ್ಫದ ಗಡ್ಡೆ ತಂದೆ. ಹುಟ್ಟಾ ಮಾಂಸ ಮೀನು ಮುಟ್ಟದ ಮನುಷ್ಯ ಮೀನಿನವಳ ಹತ್ತಿರ ಬರ್ಫಕ್ಕೆ ಕೈಯೊಡ್ಡಿ ನಿಂತದ್ದು ನೋಡಿ ಉಡುಪಿಯವರಿಬ್ಬರಿಗೆ ಬಹಳ ದಿನ ನಗಲು ವಿಷಯ ಸಿಕ್ಕಿತು. ಶೆಡ್ಡಿಗೆ ದಪ್ಪನಾಗಿ ಉಸುಕು ಹಾಸಿಸಿದೆವು, ಕಾಲಿಗೆ ಮೆತ್ತಗಿರಲಿ ಎಂದು. ಒಣಹುಲ್ಲನ್ನು ನೀರಲ್ಲಿ ನೆನೆಸಿ, ಅದರ ಸಿಹಿ ಹೋಗಲೆಂದು ಹಿಂಡಿ ಕೊಟ್ಟೆ. ಗೊರಸು ಕೆದರುವುದು, ವಸಡು ಒತ್ತುವುದು, ಗೊರಸಿನ ಮೇಲಿನ ಗೆಣ್ಣಿನಲ್ಲಿ ನಾಡಿ ಹಿಡಿಯುವುದು, ಒಂದು ಕಿವಿಯಿಂದ ಕೇಳಿದ್ದ ಪಾಠವನ್ನೆಲ್ಲ ಈಗ ಎರಡು ಕೈಯಿಂದ ಕಲಿತೆ. ದಿನಕ್ಕೆ ಎಂಟು-ಹತ್ತು ಸಲ ಲದ್ದಿ ಹಾಕಬೇಕು. ಹಾಕಿದಾಗೆಲ್ಲ ಮೊಮ್ಮಗ ಪರೀಕ್ಷೆ ಪಾಸಾದಷ್ಟು ಖುಷಿಪಟ್ಟೆ.

ಹೀಗೆ ಕಾಲು ತಿಕ್ಕುತ್ತ ಕೂತಾಗ ಏನೇನೋ ವಿಚಾರ ಬರುತ್ತಿತ್ತು. ಇಲ್ಲೇ ಹತ್ತಿರ ಜೇಜುರಿಯಲ್ಲಿ ಖಂಡೋಬಾ ಇದ್ದಾನೆ, ನಮ್ಮ ಕಡೆಯವರು ಮೈಲಾರಲಿಂಗ ಎನ್ನುತ್ತೇವೆ. ಕುದುರೆ ಏರಿದ ದೇವರು. ಸೂರ್ಯನಿಗಂತೂ ಏಳು ಕುದುರೆ. ಏಳು ಕುದುರೆಗೆ ಇಪ್ಪತ್ತೆಂಟು ಗೊರಸು, ಒಂದು ದಿನ ರಜೆಯಿಲ್ಲ. ಆದರೆ ಆ ಏಳರಲ್ಲಿ ಒಂದಕ್ಕೆ ಹೊಟ್ಟೆನೋವು ಬಂದು ಬೆಳಗಾಗುವುದು ತಡವಾಯಿತು ಎಂಬ ಕಥೆಯನ್ನು ಯಾವ ಪುರಾಣಿಕರ ಬಾಯಲ್ಲೂ ನಾನು ಕೇಳಿಲ್ಲ. ಪುಣೆಯ ಚೌಕಗಳಲ್ಲಿ ಕಂಚಿನ ಕುದುರೆಗಳು ಕಾಲೆತ್ತಿ ನಿಂತಿವೆ. ಜನ ಏರಿದವರಿಗೆ ಹಾರ ಹಾಕುತ್ತಾರೆ. ಎತ್ತಿದ ಕಾಲಿನ ಕೆಳಗೆ ಏನು ಸಿಕ್ಕಿಕೊಂಡಿದೆ ಎಂದು ಬಗ್ಗಿ ನೋಡುವವರಿಲ್ಲ. ಮದುವೆಯ ಫೋಟೋದಲ್ಲಿ ಕೂಡ ಹಾಗೇ. ನೂರಾರು ಆಲ್ಬಮ್ಮುಗಳಲ್ಲಿ ಮೈನಾ ಇದ್ದಾಳೆ, ಎಲ್ಲದರಲ್ಲೂ ಅರ್ಧ.

ತುಳಸಿ ಲಗ್ನವಾಗಿ ಮತ್ತೆ ಮದುವೆಯ ಹಂಗಾಮು ಶುರುವಾಯಿತು. ಬ್ಯಾಂಡಿನವರು ಕೇಳಲು ಬಂದರು, ಶೆಡ್ಡಿನೊಳಗೆ ಇಣುಕಿ ಹಾಗೇ ಹೋದರು. ದಸ್ತಗೀರಸಾಬರು ಒಂದು ಪಾರ್ಕಿಂಗಿನಲ್ಲಿ ಕಾವಲಿಗೆ ನಿಂತರು. ಖಾಕಿ ಅಂಗಿ ಅವರ ಮೈಗೆ ಹೊಂದಲೇ ಇಲ್ಲ. ಸಂಜೆ ಬಂದು ಮೈನಾಳ ಪಕ್ಕ ಕೂರುತ್ತಿದ್ದರು. ನನ್ನೊಡನೆ ಮೊದಲಿನ ಹಾಗೇ ಮಾತಾಡುತ್ತಿದ್ದರು, ಅದೇ ನನಗೆ ತಡೆಯಲಾಗುತ್ತಿರಲಿಲ್ಲ. ಎಷ್ಟೋ ಸಲ "ದಸ್ತಗೀರಸಾಬ್, ಒಂದು ಮಾತು" ಎಂದು ಶುರುಮಾಡಿದೆ. ಅವರು ಕೈಯಲ್ಲಿದ್ದ ಕೆಲಸ ನಿಲ್ಲಿಸಿ, "ಹೇಳ್ರಿ ಸಾಹೇಬ್ರ" ಎಂದು ನನ್ನ ಮುಖ ನೋಡುತ್ತಿದ್ದರು. ನಾನು "ಚಳಿ ಜಾಸ್ತಿ ಆತು ಅಲ್ಲರೀ?" ಎಂದು ಮುಗಿಸುತ್ತಿದ್ದೆ. ಅವರು "ಹೌದ್ರಿ" ಎಂದು ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದರು.

ಡಿಸೆಂಬರಿನಲ್ಲಿ ಡಾಕ್ಟರ್‌ಬಾಯಿ ಕಾಲಿನ ಎಕ್ಸರೇ ಫೋಟೋ ತೆಗೆಸಿ ನೋಡಿದಳು. ಒಳಗಿನ ಎಲುಬು ಜಾರಿ ಗೊರಸಿನ ತಳಕ್ಕೆ ಇಳಿದಿತ್ತು. ಮೈನಾ ಏಳುವುದನ್ನೇ ಬಿಟ್ಟಿದ್ದಳು, ಮಲಗಿ ಮಲಗಿ ಮೈಗೆ ಹುಣ್ಣಾಗಿತ್ತು. ಇನ್ನು ನರಳಿಸಬೇಡಿ, ಒಂದು ಇಂಜೆಕ್ಷನ್ನಿನಲ್ಲಿ ಕಳಿಸಿಕೊಡೋಣ ಎಂದು ಡಾಕ್ಟರ್‌ಬಾಯಿ ಹೇಳಿದಳು. ದಸ್ತಗೀರಸಾಬರು ಎರಡು ದಿನ ಕಾವಲಿನ ಕೆಲಸಕ್ಕೂ ಹೋಗದೆ ಮೈನಾಳ ಪಕ್ಕದಲ್ಲೇ ಕೂತರು. ಮೂರನೆಯ ಸಂಜೆ ನಮ್ಮ ಮನೆಗೆ ಬಂದು, ಒಳಗೆ ಬರ್ರಿ ಎಂದರೂ ಬರದೆ ಹೊಸ್ತಿಲ ಹೊರಗೇ ನಿಂತರು. ನನ್ನನ್ನು ನೋಡಲಿಲ್ಲ, ನನ್ನ ಹೆಂಡತಿಯ ಕಡೆ ತಿರುಗಿದರು.

"ವೈನಿ, ನಾಳೆ ಹನ್ನೊಂದಕ್ಕ ಡಾಕ್ಟರ್‌ಬಾಯಿ ಬರ್ತಾರ್ರಿ. ಅಕಿಗೊಂದ ಹೋಳಿಗಿ ಮಾಡಿ ಕೊಡ್ತೀರೇನ್ರಿ? ಅವತ್ತ ಭಾಳ ಖುಷೀಲೆ ತಿಂದಿರಬೇಕು. ಡಬ್ಬ್ಯಾಗ ಒಂದ ಚೂರ ಸೈತ ಉಳಿಸಿದ್ದಿಲ್ಲ. ಈಗ ತಿಂದ್ರ ಏನೂ ಆಗೂದಿಲ್ಲ."

ಸುಲೋಚನಾ "ಮಾಡ್ತೀನ್ರಿ ಅಣ್ಣಾ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವರು ಹೋದರು. ನಾನು ಹೆಂಡತಿಯ ಕಡೆ ತಿರುಗಿದೆ.

"ಅವರಿಗೆ ಗೊತ್ತಿತ್ತೇನು?"

"ಡಬ್ಬಿ ಅವರೇ ತಂದುಕೊಟ್ರು, ಹಬ್ಬದ ಮರುದಿನಾನ. ಮುಚ್ಚಳದ ಮ್ಯಾಲ ನನ್ನ ಹೆಸರು ಕೊರೆಸಿದ್ದದಲ್ಲ. ತೊಳದು, ಖಾಲಿ ಕೊಡಬಾರದಂತ ಒಳಗ ಒಂದ ಉಂಡಿ ಬೆಲ್ಲ ಹಾಕಿ ಕೊಟ್ರು. ಅದರದ್ದ ಚಹಾ ಕುಡದು ಛಲೋ ಅದ ಅಂದ್ರಿ ನೀವು."

"ನನಗ್ಯಾಕ ಹೇಳಲಿಲ್ಲ?"

"ನೀವು ಹೇಳ್ತೀರೇನೋ ಅಂತ ಅವರು ಕಾಯ್ತಿದ್ರು. ನಾನೂ ಕಾಯ್ತಿದ್ದೆ," ಎಂದು ಆಕೆ ಕಡಲೆಬೇಳೆ ನೆನೆಹಾಕಲು ಒಳಗೆ ಹೋದಳು.

ಮರುದಿನ ಬೆಳಗ್ಗೆ ಅದೇ ಡಬ್ಬಿಯಲ್ಲಿ ಒಂದು ಹೋಳಿಗೆ ಒಯ್ದೆ. ದಸ್ತಗೀರಸಾಬರು ಮೈನಾಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಬಾಲವನ್ನು ಬಾಚಿ, ಮದುವೆಗೆ ಕಟ್ಟುವ ಹಾಗೆ ಜಡೆ ಕಟ್ಟಿದ್ದರು. ನಾನು ಹೋಳಿಗೆ ಮುರಿದು ಅಂಗೈಯಲ್ಲಿಟ್ಟು ಒಡ್ಡಿದೆ. ಅದೇ ಮೆತ್ತನೆಯ ತುಟಿ. ಹುಡುಕಿತು, ಎತ್ತಿತು, ಅಡ್ಡಡ್ಡ ಅಗಿಯಿತು. ನನ್ನಿಂದ ಇನ್ನು ಆಗಲಿಲ್ಲ.

"ದಸ್ತಗೀರಸಾಬ್," ಎಂದೆ, "ಅವತ್ತ ಇಪ್ಪತ್ತೊಂದ ಹೋಳಿಗಿ ಹಾಕಿದ್ದೆ. ಒಂದ ಬಕೀಟ ಕಾಳ. ಡಾಕ್ಟರ್ ಕೇಳಿದ್ರ ಸುಳ್ಳ ಹೇಳಿದೆ. ನಿಮಗೂ ಸುಳ್ಳ ಹೇಳಿದೆ."

"ತಿನ್ಲಿ ಬಿಡ್ರಿ ಮೊದಲ," ಎಂದರು ಅವರು, ಆಕೆಯ ಕಿವಿ ಸವರುತ್ತ. "ಆಮ್ಯಾಲ ಹೇಳೀರಂತ."

ಆಕೆ ಪೂರ್ತಿ ತಿಂದಳು. ಚೂರೇನಾದರೂ ಉಳಿದಿದೆಯೋ ಎಂದು ನನ್ನ ಅಂಗೈಯನ್ನು ಇನ್ನೊಮ್ಮೆ ನೋಡಿದಳು. ಅಷ್ಟರಲ್ಲಿ ಡಾಕ್ಟರ್‌ಬಾಯಿ ಬಂದಳು. ಆಮೇಲೆ ಹೇಳುವುದು ಏನೂ ಉಳಿಯಲಿಲ್ಲ.

ಎಲ್ಲ ಮುಗಿದು, ಮೈನಾಳನ್ನು ಒಯ್ಯುವ ಗಾಡಿ ಬಂದು ಹೋದ ಮೇಲೆ ದಸ್ತಗೀರಸಾಬರು ನಲ್ಲಿಯ ಕೆಳಗೆ ಡಬ್ಬಿ ತೊಳೆದರು. ಬೂದಿ ಹಚ್ಚಿ, ಎರಡೆರಡು ಸಲ. ಖಾಲಿ ಡಬ್ಬಿ ಹಿಡಿದುಕೊಂಡು ಶೆಡ್ಡಿನ ಸುತ್ತ ನೋಡಿದರು. ಕೊಡುವಂಥದ್ದು ಅಲ್ಲಿ ಏನೂ ಇರಲಿಲ್ಲ. ಮೂಲೆಯ ಬಟ್ಟಲಿನಲ್ಲಿ, ದಿನದ ರೂಢಿಗೆ ಹಿಂದಿನ ಸಂಜೆ ನೆನೆಹಾಕಿದ್ದ ಕಡಲೆ ಇತ್ತು. ಕಾಲು ಕೆಟ್ಟ ಮೇಲೆ ಆಕೆಗೆ ಕಡಲೆ ಕೊಡುವುದು ಬಿಟ್ಟೇ ಆರು ತಿಂಗಳಾಗಿದ್ದರೂ ಅವರ ಕೈ ನೆನೆಹಾಕುವುದನ್ನು ಬಿಟ್ಟಿರಲಿಲ್ಲ. ನೀರು ಬಸಿದು ಅದನ್ನೇ ಡಬ್ಬಿಗೆ ಹಾಕಿ ನನ್ನ ಕೈಗೆ ಕೊಟ್ಟರು.

"ವೈನಿಗೆ ಕೊಡ್ರಿ," ಎಂದರು. "ಒಂದ ಹಿಡಿ ಅದ."

ಮನೆಗೆ ಬಂದು ಮುಚ್ಚಳ ತೆಗೆದೆ. ಡಬ್ಬಿಯ ತಳ ಕೂಡ ಪೂರ್ತಿ ಮುಚ್ಚಿರಲಿಲ್ಲ. ಒಂದು ಹಿಡಿ ಎಂದರೆ ಎಷ್ಟೆಂದು ನಾನು ಅವತ್ತೇ ಮೊದಲ ಸಲ ನೋಡಿದ್ದು. ಸುಲೋಚನಾ ಅದಕ್ಕೆ ಸಾಸಿವೆ, ಕರಿಬೇವಿನ ಒಗ್ಗರಣೆ ಹಾಕಿ ಉಸಳಿ ಮಾಡಿದಳು. ನಿಮಗೆ ಆಗೂದಿಲ್ಲ, ಬಿಡ್ರಿ ಎಂದಳು. ನಾನು ಬಿಡಲಿಲ್ಲ, ಒಂದೊಂದೇ ಕಾಳು ಅಗಿದು ತಿಂದೆ. ಸಂಜೆತನಕ ಹೊಟ್ಟೆಗೆ ಕೈ ಇಟ್ಟುಕೊಂಡು ಕಾಯುತ್ತ ಕೂತೆ. ನೋವು ಬಂದಿದ್ದರೆ ಎಷ್ಟೋ ಛಲೋ ಇತ್ತು. ಅವತ್ತು ಏನೂ ಆಗಲಿಲ್ಲ.